ಡಬ್ಬ ನಮ್ಮದು, ಬೀಗ ಅವರದು

ಮುಂಬಯಿ ಮತ್ತು ಉಪನಗರಗಳ ಕನ್ನಡ ಮನೆಗಳವರಿಗೆ, ಅದರಲ್ಲೂ ಟಿ.ವಿ. ಕೆಳಗಿನ ಕಪಾಟಿನಲ್ಲಿ ಇನ್ನೂ ರೆಕಾರ್ಡರ್ ಬಾಕ್ಸ್ ಇಟ್ಟುಕೊಂಡಿರುವವರಿಗೆ, ಭಾಂಡೂಪಿನ ನಿವೃತ್ತ ಟೀಚರ್ ಒಬ್ಬಳ ನಮಸ್ಕಾರ.

ಮಳೆಗಾಲ ಮುಗಿದಾಗಿನಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಮೊನ್ನೆ ಮುಲುಂಡಿನಿಂದ ಒಬ್ಬರು, ಅದರ ಹಿಂದಿನ ದಿನ ಡೊಂಬಿವಲಿಯಿಂದ ನನ್ನ ಹಳೆಯ ವಿದ್ಯಾರ್ಥಿನಿ. “ಟೀಚರೇ, ನಾವು ಡಿಶ್ ಕಂಪನಿ ಬದಲಾಯಿಸ್ತಾ ಇದ್ದೇವೆ. ರೆಕಾರ್ಡಿಂಗ್ ಬಾಕ್ಸ್ ಹೇಗೂ ನಮ್ಮದೇ ಉಂಟಲ್ಲ, ಹೊಸ ಕಂಪನಿಯ ಕಾರ್ಡ್ ಹಾಕಿದ್ರೆ ಆಗ್ತದಾ?” ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವಳು, ಟಿ.ವಿ. ರಿಪೇರಿ ಕಲಿತವಳಲ್ಲ. ಆದರೆ ಈ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ತಿಂದದ್ದನ್ನು ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಹಾಗಾಗಿ ಫೋನು ನನಗೇ ಬರುತ್ತದೆ. ಒಬ್ಬೊಬ್ಬರಿಗೇ ಹೇಳಿ ಗಂಟಲು ಸೋತಿತು. ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಉತ್ತರ: ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಬಾಕ್ಸಿನ ಒಳಗೆ ನೀವು ಕೂಡಿಟ್ಟದ್ದನ್ನು ಕಂಪನಿ ಬಿಡುವ ಮೊದಲು ಏನು ಮಾಡಬೇಕು ಎಂದು ಹೇಳುವುದಕ್ಕೇ ಈ ಪತ್ರ.

ನಮ್ಮಂಥ ಮನೆಗಳಿಗೆ ರೆಕಾರ್ಡರ್ ಯಾಕೆ ಬೇಕಾಯಿತು ಎಂಬುದು ಊರಲ್ಲಿರುವವರಿಗೆ ಅರ್ಥವಾಗಲಿಕ್ಕಿಲ್ಲ. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ನಮ್ಮ ಪಾಲಿಗೆ ಅದರಲ್ಲಿ ಕನ್ನಡ ಎಂದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರ. ಸರದಿ ಬಂದಾಗ ಬಂತು, ಇಲ್ಲದಿದ್ದರೆ ಬಂಗಾಳಿಯೋ ಮಲಯಾಳವೋ. 1994ರಲ್ಲಿ ಉದಯ ಟಿ.ವಿ. ಹುಟ್ಟಿದರೂ ಅದು ನಮ್ಮ ಬಿಲ್ಡಿಂಗಿಗೆ ಬರಬೇಕಾದರೆ ಕೇಬಲ್‌ನವನ ಮರ್ಜಿ ಕಾಯಬೇಕಿತ್ತು. “ಚಾರ್ ಘರ್ ಕೇ ಲಿಯೇ ಚಾನೆಲ್ ನಹೀ ಡಾಲೂಂಗಾ” ಎಂದು ನಮ್ಮ ಗಲ್ಲಿಯ ಕೇಬಲ್‌ನವ ಮುಖಕ್ಕೆ ಹೇಳಿದ್ದ. ನಾಲ್ಕು ಮನೆಗೆ ಹಾಕುವುದಿಲ್ಲ ಎಂದದ್ದು ಅವನ ಲೆಕ್ಕದಲ್ಲಿ ಸರಿಯೇ. ನಾವು ನಾಲ್ಕೇ ಮನೆ ಇದ್ದೆವು. 2003ರಲ್ಲಿ ಡಿಶ್ ಟಿ.ವಿ., 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, ಏರ್‌ಟೆಲ್ ಎಂದು ಒಂದರ ಹಿಂದೆ ಒಂದು ಬಂದ ಮೇಲೆ ಕನ್ನಡದ ಮನೆ ಯಾವುದೆಂದು ಕಿಟಕಿಯ ಡಿಶ್ ಛತ್ರಿ ನೋಡಿ ಗುರುತಿಸುವ ಹಾಗಾಯಿತು.

ಚಾನೆಲ್ ಬಂತು, ನೋಡುವವರು ಮನೆಯಲ್ಲಿರಲಿಲ್ಲ. ನಮ್ಮವರು ಫೋರ್ಟಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಹೋಟೆಲು ಮುಚ್ಚಿ, ಲೆಕ್ಕ ಒಪ್ಪಿಸಿ, ಸಿಎಸ್‌ಟಿಯಿಂದ ಸ್ಲೋ ಲೋಕಲ್ ಹಿಡಿದು ಮನೆ ಸೇರುವಾಗ ಹನ್ನೆರಡಕ್ಕೆ ಹತ್ತು ನಿಮಿಷ. ಧಾರಾವಾಹಿಗಳು ಎಂಟೂವರೆಯಿಂದ ಹತ್ತರೊಳಗೆ ಮುಗಿದಿರುತ್ತಿದ್ದವು. ಮುಂಬಯಿಯ ಹೋಟೆಲಿನಲ್ಲಿ ದುಡಿದ ಸಾವಿರಾರು ಗಂಡಸರು ಆ ಕಾಲದ ಕನ್ನಡ ಧಾರಾವಾಹಿಗಳ ಕಥೆಯನ್ನು ಹೆಂಡತಿಯ ಬಾಯಲ್ಲಿ ಕೇಳಿದ್ದೇ ಹೆಚ್ಚು. 2008ರ ಅಕ್ಟೋಬರಿನಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ರೆಕಾರ್ಡರ್ ಬಂತು, ಬೇರೆ ಕಂಪನಿಗಳೂ ತಂದವು. ಕೆಲ ವರ್ಷ ಕಾದು ನಾವೂ ಒಂದು ಕೊಂಡೆವು. ಯಾವ ಕಂಪನಿಯದು ಎಂದು ಹೇಳುವುದಿಲ್ಲ.

ಆ ಬಾಕ್ಸ್ ನಮ್ಮ ಮನೆಯ ಗಡಿಯಾರವನ್ನೇ ಬದಲಾಯಿಸಿತು. ಮಧ್ಯರಾತ್ರಿ ಗಂಜಿಯ ಬಟ್ಟಲು, ಮಿಡಿ ಉಪ್ಪಿನಕಾಯಿ, ಮಕ್ಕಳು ಏಳದಂತೆ ಟಿ.ವಿ.ಯ ದನಿ ಆರರಲ್ಲಿ. ಬಲಗೈ ಎಂಜಲು, ಹಾಗಾಗಿ ಜಾಹೀರಾತು ಬಂದ ಕೂಡಲೇ ಎಡಗೈಯ ಹೆಬ್ಬೆರಳಿನಿಂದ ರಿಮೋಟ್ ಒತ್ತಿ ಓಡಿಸುವುದು. ಅರ್ಧ ಗಂಟೆಯ ಕಂತು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಜುಲೈ ತಿಂಗಳಲ್ಲಿ ಮಾತ್ರ ತಮಾಷೆ. ಈ ಉಪಗ್ರಹದ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸಿನದು, ಜಡಿಮಳೆಯ ಹನಿ ಅದನ್ನು ಹೀರಿಬಿಡುತ್ತದೆ. ಮಳೆ ಬಂದರೂ ಬಾಕ್ಸ್ ನಂಬಿಗಸ್ತ ಆಳಿನ ಹಾಗೆ ಹೇಳಿದ ಹೊತ್ತಿಗೆ ರೆಕಾರ್ಡ್ ಮಾಡಿರುತ್ತಿತ್ತು. ಅರ್ಧ ಗಂಟೆಯ ಕಪ್ಪು ಪರದೆ! ನಮ್ಮವರು ಅದನ್ನೂ ಓಡಿಸಿ ಓಡಿಸಿ, ಎಲ್ಲಿಯಾದರೂ ಮಳೆ ಕಡಿಮೆಯಾಗಿತ್ತೇ ಎಂದು ಹುಡುಕುತ್ತಿದ್ದರು.

ಧಾರಾವಾಹಿ ನೋಡಿ ಅಳಿಸುತ್ತಿದ್ದೆವು. ಅಳಿಸದೆ ಇಟ್ಟುಕೊಂಡದ್ದು ಹನ್ನೊಂದು. ಅದರಲ್ಲಿ ಮೊದಲನೆಯದು ದೂರದರ್ಶನದ ಚಂದನ ಚಾನೆಲಿನ ‘ಥಟ್ ಅಂತ ಹೇಳಿ’. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ, ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಾರಲ್ಲ, ಅದೇ. ಕುಂದಾಪುರದ ನನ್ನ ನಾದಿನಿಯ ಮಗಳು ಅದರಲ್ಲಿ ಕೂತಿದ್ದಳು. ನಾಲ್ಕು ಪುಸ್ತಕ ಗೆದ್ದಳು, ಐದನೆಯದಕ್ಕೆ ಉತ್ತರ ಗೊತ್ತಿದ್ದೂ ಗುಂಡಿ ಒತ್ತುವುದು ತಡವಾಯಿತು. ಮನೆಗೆ ಬಂದ ನೆಂಟರಿಗೆಲ್ಲ ಚಹಾದ ಜೊತೆ ಆ ಕಂತು. ಐದನೆಯ ಪ್ರಶ್ನೆ ಬಂದಾಗ ನಮ್ಮವರು ಪ್ರತಿ ಸಲವೂ “ಒತ್ತು, ಒತ್ತು” ಎನ್ನುತ್ತಿದ್ದರು. ಅವಳು ಪ್ರತಿ ಸಲವೂ ತಡ ಮಾಡುತ್ತಿದ್ದಳು.

2019ರ ಫೆಬ್ರವರಿ 1ರಿಂದ ಚಾನೆಲುಗಳಿಗೆ ಬಿಡಿಬಿಡಿ ದರ ಬಂತು, ನೆನಪಿರಬಹುದು. ಮೊದಲ ನೂರು ಚಾನೆಲಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಅದರ ಮೇಲೆ ನಾವು ಆರಿಸಿದ ಚಾನೆಲುಗಳ ಬೆಲೆ. ನಾನು ಕಾಗದದ ಮೇಲೆ ಕೂಡಿಸಿ ಕಳೆದು ನೋಡಿದೆ, ಇನ್ನೊಂದು ಕಂಪನಿಯ ಕನ್ನಡ ಪ್ಯಾಕ್ ಅಗ್ಗ ಬಿತ್ತು. ಬದಲಾಯಿಸಿದೆವು. ಫಿಟ್ಟರ್ ಹುಡುಗ ಬಂದು ಕಿಟಕಿಯ ಹೊರಗಿನ ಛತ್ರಿಯನ್ನು ಹೊಸ ಕಂಪನಿಯ ಉಪಗ್ರಹದ ಕಡೆ ತಿರುಗಿಸಿ, ಹೊಸ ಬಾಕ್ಸ್ ಹಚ್ಚಿ, ಹಳೆಯದನ್ನು ನೋಡಿ “ಯೇ ಅಬ್ ಡಬ್ಬಾ ಹೈ, ಮ್ಯಾಡಮ್” ಎಂದ. ಮಾತಿನಲ್ಲಿ ನಿಜವಿತ್ತು, ನನಗೆ ಆಗ ಹೊಳೆಯಲಿಲ್ಲ. ಕ್ಯಾಸೆಟ್ ಕಾಲದಿಂದ ಬಂದವರು ನಾವು. ಹಳೆಯ ಡಬ್ಬದಲ್ಲಿ ಹಳೆಯ ರೆಕಾರ್ಡಿಂಗ್ ಇರುತ್ತದೆ, ಬೇಕಾದಾಗ ವಯರ್ ಚುಚ್ಚಿ ನೋಡಿದರಾಯಿತು ಎಂದುಕೊಂಡಿದ್ದೆವು.

ಗಣೇಶ ಚೌತಿಗೆ ನೆಂಟರು ಬಂದರು. ವಯರ್ ಚುಚ್ಚಿದೆವು. ಪಟ್ಟಿ ಬಂತು, ಹನ್ನೊಂದೂ ಹೆಸರು ಬಂದವು, ತಾರೀಖು ಸಮೇತ. ಒತ್ತಿದರೆ, ರೀಚಾರ್ಜ್ ಮಾಡಿ ಎಂಬ ಸಂದೇಶ. ಸರಿ, ಒಂದು ತಿಂಗಳದ್ದು ತುಂಬಿಸೋಣ ಎಂದು ಫೋನು ಮಾಡಿದೆ. ಖಾತೆ ಮುಚ್ಚಿದೆ ಎಂದರು. ತೆರೆಯಿರಿ ಎಂದೆ. ತೆರೆದರೂ ಬಾಕ್ಸಿಗೆ ಅಪ್ಪಣೆ ಬರುವುದು ಉಪಗ್ರಹದ ಮೂಲಕವೇ, ಛತ್ರಿ ನಮ್ಮ ಉಪಗ್ರಹದ ಕಡೆಗಿರಬೇಕು ಎಂದರು. ಛತ್ರಿ ಆಗಲೇ ಮುಖ ತಿರುಗಿಸಿತ್ತು. ಹಟ ಬಿಡದೆ ಬಾಕ್ಸನ್ನು ಚೀಲದಲ್ಲಿ ಹಾಕಿಕೊಂಡು ಲ್ಯಾಮಿಂಗ್‌ಟನ್ ರೋಡಿಗೆ ಹೋದೆ. ಅಲ್ಲಿಯ ಹುಡುಗ ನಾಲ್ಕು ಸ್ಕ್ರೂ ತೆಗೆದು, ಹಾರ್ಡ್ ಡಿಸ್ಕ್ ಹೊರಗೆಳೆದು ಕಂಪ್ಯೂಟರಿಗೆ ಹಚ್ಚಿದ. ಕಂಪ್ಯೂಟರು ಕೇಳಿದ್ದು ಒಂದೇ: ಇದನ್ನು ಫಾರ್ಮ್ಯಾಟ್ ಮಾಡಲೇ? “ಆಂಟಿ, ಇಸ್‌ಮೇ ಕುಛ್ ನಹೀ ಹೈ” ಎಂದ ಹುಡುಗ.

ಇತ್ತು. ಹನ್ನೊಂದು ಇತ್ತು. ಆಮೇಲೆ ತಿಳಿದವರನ್ನು ಕೇಳಿ ಗೊತ್ತು ಮಾಡಿಕೊಂಡದ್ದು ಇಷ್ಟು. ರೆಕಾರ್ಡ್ ಆಗುವಾಗಲೇ ಅದು ಗುಪ್ತಲಿಪಿಯಲ್ಲಿ ಆಗುತ್ತದೆ, ಬಿಡಿಸುವ ಕೀಲಿ ಆ ಬಾಕ್ಸಿಗೂ ಆ ಕಂಪನಿಯ ಅಪ್ಪಣೆಗೂ ಗಂಟು. ಡಿಸ್ಕನ್ನು ಬೇರೆ ಬಾಕ್ಸಿಗೆ ಹಾಕಿದರೂ ಇಲ್ಲ, ಬಾಕ್ಸಿಗೆ ಬೇರೆ ಕಂಪನಿಯ ಕಾರ್ಡ್ ಹಾಕಿದರೂ ಇಲ್ಲ. ಕಳ್ಳ ಪ್ರತಿ ಮಾರುವವರಿಗೆ ಹೆದರಿ ಚಾನೆಲಿನವರು ಈ ಬೀಗ ಕೇಳುತ್ತಾರೆ, ಅದು ಸುಳ್ಳಲ್ಲ. ಮೊದಮೊದಲು ಕಂಪನಿಗಳು ನಷ್ಟಕ್ಕೆ ಬಾಕ್ಸ್ ಹಂಚಿದ್ದೂ ನಿಜ. ಗಿರಾಕಿ ಮರುದಿನವೇ ಅದನ್ನು ಹಿಡಿದುಕೊಂಡು ಎದುರಿನ ಅಂಗಡಿಗೆ ಹೋಗುವುದನ್ನು ಯಾವ ವ್ಯಾಪಾರಿ ಒಪ್ಪುತ್ತಾನೆ? ಆದರೆ ರೆಕಾರ್ಡರಿಗೆ ನಾವು ಪೂರ್ತಿ ದುಡ್ಡು ಎಣಿಸಿದ್ದೆವು.

ನನಗೆ ಸಿಟ್ಟು ಬಂದದ್ದು ಇನ್ನೊಂದು ಸಂಗತಿ ಓದಿದಾಗ. ಡಿಟಿಎಚ್, ಅಂದರೆ ಈ ಛತ್ರಿ ಟಿ.ವಿ. ಸೇವೆಗೆ ಕೇಂದ್ರ ಸರ್ಕಾರ 2001ರ ಮಾರ್ಚಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ, ಒಬ್ಬನೇ ಒಬ್ಬ ಗಿರಾಕಿಗೂ ಛತ್ರಿ ಹಾಕುವ ಮೊದಲೇ, ಬರೆದಿದ್ದಾರೆ: ಬಾಕ್ಸ್ ಯಾವುದೇ ಒಂದು ಕಂಪನಿಯ ಸ್ವಂತ ನಮೂನೆಯದಾಗಿರಬಾರದು, ಎಲ್ಲ ಕಂಪನಿಗಳ ಸೇವೆಗೂ ಹೊಂದಬೇಕು. ನಮ್ಮ ಹಳೆಯ ಬಾಕ್ಸಿನ ಬದಿಯಲ್ಲಿ ಒಂದು ಉದ್ದನೆಯ ಸೀಳು ಇದೆ, ಪ್ಲಾಸ್ಟಿಕ್ ಬಾಗಿಲು ಸಮೇತ. ವರ್ಷಗಟ್ಟಲೆ ಧೂಳು ಒರೆಸುವಾಗ ಇದೇನೆಂದು ತಿಳಿದಿರಲಿಲ್ಲ. ಬೇರೆ ಕಂಪನಿಯ ಮಾಡ್ಯೂಲ್ ಕಾರ್ಡ್ ತೂರಿಸಲಿಕ್ಕೆಂದೇ ಬಿಟ್ಟ ಜಾಗವಂತೆ ಅದು. ಆ ಕಾರ್ಡು ಕೇಳಿದರೆ ಅಂಗಡಿಯವರು ನಗುತ್ತಾರೆ. ಸಿಕ್ಕಿದರೂ ಅದರ ಬೆಲೆಗೆ ಹೊಸ ಬಾಕ್ಸೇ ಬರುತ್ತಿತ್ತು. ಮೇಲಾಗಿ ಒಂದು ಕಂಪನಿ ಎಂಪೆಗ್-2ರಲ್ಲಿ ಚಿತ್ರ ಕಳಿಸಿದರೆ ಇನ್ನೊಂದು ಎಂಪೆಗ್-4ರಲ್ಲಿ. ಹಳೆಯ ಬಾಕ್ಸಿಗೆ ಹೊಸ ಲಿಪಿ ಓದಲು ಬರುವುದೇ ಇಲ್ಲ. 2020ರ ಏಪ್ರಿಲಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮತ್ತೆ ಶಿಫಾರಸು ಮಾಡಿತು, ಎಲ್ಲ ಕಂಪನಿಗೂ ನಡೆಯುವ ಬಾಕ್ಸನ್ನು ಕಡ್ಡಾಯ ಮಾಡಿ ಎಂದು. ಮೊಬೈಲ್ ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಕರ್ಯ ದೇಶಕ್ಕೆಲ್ಲ 2011ರ ಜನವರಿ 20ರಂದು ಬಂತಲ್ಲ, ಬಾಕ್ಸಿನದ್ದು ನಮ್ಮ ಮನೆಬಾಗಿಲಿಗೆ ಇನ್ನೂ ಬಂದಿಲ್ಲ.

ಅದು ಬರುವ ತನಕ ನೀವು ಏನು ಮಾಡಬೇಕು? ಮೊದಲನೆಯದು, ಅವಸರ ಮಾಡಬೇಡಿ. ಹೊಸ ಕಂಪನಿಯ ಫಿಟ್ಟರನ್ನು ಕರೆಯುವ ಮೊದಲು ಹಳೆಯದಕ್ಕೆ ಒಂದು ತಿಂಗಳ ರೀಚಾರ್ಜ್ ಇರಲಿ, ಛತ್ರಿಯನ್ನು ಯಾರೂ ಮುಟ್ಟದಿರಲಿ. ರೆಕಾರ್ಡಿಂಗ್ ಪಟ್ಟಿ ತೆರೆದು, ಪೆನ್ನು ಹಿಡಿದು ಕೂತು, ಯಾವುದು ನಿಜವಾಗಿ ಬೇಕು ಎಂದು ಬರೆದುಕೊಳ್ಳಿ. ಇನ್ನೂರು ಕಂತು ಇರುವವರ ಮನೆಯಲ್ಲೂ ಬೇಕಾದದ್ದು ಹತ್ತಿಪ್ಪತ್ತಕ್ಕಿಂತ ಹೆಚ್ಚಿರುವುದಿಲ್ಲ. ನೋಡಿ ಮುಗಿಸುವಂಥದ್ದನ್ನು ನೋಡಿ ಮುಗಿಸಿ.

ಇಟ್ಟುಕೊಳ್ಳಬೇಕಾದದ್ದಕ್ಕೆ ಹಳೆಯ ದಾರಿಯೇ ದಾರಿ. ಬಾಕ್ಸಿನ ಬೆನ್ನಿನಲ್ಲಿ ಹಳದಿ, ಕೆಂಪು, ಬಿಳಿ ಎಂದು ಮೂರು ತೂತು ಇದ್ದರೆ ನೋಡಿ. ಎಚ್‌ಡಿಎಂಐ ದಾರಿಯಲ್ಲಿ ಕಾವಲುಗಾರನಿದ್ದಾನೆ, ರೆಕಾರ್ಡ್ ಮಾಡಲು ಹೋದರೆ ಪರದೆ ಕಪ್ಪು. ಈ ಮೂರು ಬಣ್ಣದ ವಯರಿನಲ್ಲಿ ಸಾಮಾನ್ಯವಾಗಿ ಚಿತ್ರ ಹರಿದು ಬರುತ್ತದೆ. ಅದನ್ನು ಹಳೆಯ ಡಿವಿಡಿ ರೆಕಾರ್ಡರಿಗೋ, ಲ್ಯಾಮಿಂಗ್‌ಟನ್ ರೋಡಿನಲ್ಲಿ ಸಿಗುವ ಯುಎಸ್‌ಬಿ ಕ್ಯಾಪ್ಚರ್ ಎಂಬ ಪುಟ್ಟ ಸಾಮಾನಿಗೋ ಹಚ್ಚಿ, ಬಾಕ್ಸಿನಲ್ಲಿ ಕಂತು ಓಡಿಸಿದರೆ ಇತ್ತ ಕಡೆ ಪ್ರತಿ ಆಗುತ್ತದೆ. ಒಂದು ಗಂಟೆಯದಕ್ಕೆ ಒಂದು ಗಂಟೆಯೇ ಬೇಕು. ಚಿತ್ರ ಸ್ವಲ್ಪ ಮಂಜು. ನಾದಿನಿಯ ಮಗಳ ಮುಖ ಗುರುತು ಸಿಕ್ಕರೆ ಸಾಲದೇ?

ಕಾನೂನಿನ ಮಾತು ಕೇಳುವವರಿದ್ದಾರೆ. ನಾನು ವಕೀಲಳಲ್ಲ, ಓದಿದ್ದನ್ನು ಹೇಳುತ್ತೇನೆ. 1957ರ ಕಾಪಿರೈಟ್ ಕಾಯಿದೆಯ 52ನೇ ಕಲಮು ಸ್ವಂತದ, ಖಾಸಗಿ ಬಳಕೆಯ ನ್ಯಾಯವಾದ ವ್ಯವಹಾರಕ್ಕೆ ಜಾಗ ಬಿಟ್ಟಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಮುರಿಯುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದ ತನಕ ಸಜೆ. ಆದ್ದರಿಂದ ಬೀಗ ಒಡೆಯುತ್ತೇನೆ ಎನ್ನುವವರ ಸಹವಾಸ ಬೇಡ, ಪ್ರತಿ ಮಾಡಿದ್ದನ್ನು ಊರಿಗೆಲ್ಲ ಹಂಚುವುದೂ ಬೇಡ. ಮನೆಯಲ್ಲಿರಲಿ.

ಇನ್ನು ಕಂಪನಿಯದಲ್ಲದ, ನೀವೇ ಅಂಗಡಿಯಿಂದ ಕೊಂಡ ರೆಕಾರ್ಡರ್ ಇರುವವರು. ವಿಸಿಆರ್ ಆಗಲಿ, ಡಿವಿಡಿ ರೆಕಾರ್ಡರ್ ಆಗಲಿ, ನಿಮ್ಮ ಹಳೆಯ ಸಾಮಾನು ನಮ್ಮ ಆಧುನಿಕ ಬಾಕ್ಸಿಗಿಂತ ಮೇಲು. ಅದೇ ಮೂರು ಬಣ್ಣದ ವಯರಿನಿಂದ ಯಾವ ಕಂಪನಿಯ ಬಾಕ್ಸಿಗೂ ಅದು ಹೊಂದಿಕೊಳ್ಳುತ್ತದೆ, ಮಾಡಿದ ರೆಕಾರ್ಡಿಂಗ್ ನಿಮ್ಮದೇ. ಒಂದೇ ತೊಡಕು. ಅದು ತಾನಾಗಿ ಚಾನೆಲ್ ಬದಲಿಸಲಾರದು, ಬಾಕ್ಸಿನಲ್ಲಿ ಆಗ ಯಾವುದು ಓಡುತ್ತಿದೆಯೋ ಅದನ್ನೇ ಹಿಡಿಯುತ್ತದೆ. ಅದಕ್ಕೆ ಎರಡು ಕಡೆ ಹೊತ್ತು ಇಡಬೇಕು: ಬಾಕ್ಸಿನಲ್ಲಿ ಆ ಹೊತ್ತಿಗೆ ಚಾನೆಲಿಗೆ ತಿರುಗುವಂತೆ ರಿಮೈಂಡರ್, ರೆಕಾರ್ಡರಿನಲ್ಲಿ ಟೈಮರ್. ಎರಡು ನಿಮಿಷ ಮೊದಲೇ ಇಡಿ, ಚಾನೆಲುಗಳ ಗಡಿಯಾರ ನಂಬುವ ಹಾಗಿಲ್ಲ.

ಟಿ.ವಿ.ಗೇ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡಬಹುದಂತಲ್ಲ ಎಂದು ಥಾಣೆಯಿಂದ ಒಬ್ಬರು ಕೇಳಿದರು. ಹೌದು, ಟಿ.ವಿ.ಯ ಒಳಗಿನ ಟ್ಯೂನರ್ ಹಿಡಿದದ್ದನ್ನು ಮಾತ್ರ. ಹೊರಗಿನ ಬಾಕ್ಸಿನಿಂದ ಬಂದದ್ದನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ದೂರದರ್ಶನದ ಫ್ರೀ ಡಿಶ್. ಅದಕ್ಕೆ ತಿಂಗಳ ಬಾಡಿಗೆ ಇಲ್ಲ, ಚಂದನ ಅದರಲ್ಲಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಲವು ಫ್ರೀ ಡಿಶ್ ಬಾಕ್ಸುಗಳಿಗೆ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡಿದರೆ ಅದು ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಎಲ್ಲ ಬಾಕ್ಸಿನದ್ದೂ ಹಾಗಲ್ಲ, ಕೆಲವು ಟಿ.ವಿ.ಗಳು ತಾವು ಮಾಡಿದ್ದನ್ನು ತಮ್ಮಲ್ಲೇ ಕಟ್ಟಿಹಾಕುತ್ತವೆ. ಕೊಳ್ಳುವಾಗ ಪೆನ್‌ಡ್ರೈವ್ ಜೊತೆಗೊಯ್ಯಿರಿ, ಐದು ನಿಮಿಷ ರೆಕಾರ್ಡ್ ಮಾಡಿಸಿ, ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯುತ್ತದೋ ನೋಡಿ, ಆಮೇಲೆ ದುಡ್ಡು ಕೊಡಿ.

ಫಿಟ್ಟರ್ ಬಂದಾಗ ಎರಡು ಮಾತು ನೆನಪಿಡಿ. ಛತ್ರಿ, ಕೇಬಲ್ ಎಲ್ಲ ಹೊಸತು ಬೇಕು ಎಂದರೆ ಯಾಕೆ ಎಂದು ಕೇಳಿ. ಛತ್ರಿ ತುಕ್ಕು ಹಿಡಿದಿಲ್ಲದಿದ್ದರೆ, ಕೇಬಲ್ ಬಿರುಕು ಬಿಟ್ಟಿಲ್ಲದಿದ್ದರೆ ತಿರುಗಿಸಿದರೆ ಆಯಿತು. ಉಪಗ್ರಹಗಳೆಲ್ಲ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಧ್ಯರೇಖೆಯ ಮೇಲೆ ಸಾಲಾಗಿ ನಿಂತಿವೆ. ಟಾಟಾ ಪ್ಲೇ (ಹಿಂದಿನ ಟಾಟಾ ಸ್ಕೈ)ಯದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಫ್ರೀ ಡಿಶ್‌ನದು 93.5ರಲ್ಲಿ, ಏರ್‌ಟೆಲ್‌ನದು 108.2ರಲ್ಲಿ. ಮುಂಬಯಿಯಿಂದ ನೋಡಿದರೆ ಮೊದಲನೆಯದು ದಕ್ಷಿಣಕ್ಕೂ ಆಗ್ನೇಯಕ್ಕೂ ನಡುವೆ, ಎರಡನೆಯದು ಹೆಚ್ಚುಕಡಿಮೆ ಆಗ್ನೇಯ, ವಾಸ್ತುವಿನವರು ಒಲೆ ಇಡಿಸುವ ಮೂಲೆ. ಮೂರನೆಯದು ಇನ್ನೂ ಪೂರ್ವಕ್ಕೆ. ಕಿಟಕಿಗಳೆಲ್ಲ ಪಡುವಣಕ್ಕಿರುವ ಮನೆಯವರು ಟೆರೇಸಿಗೆ ಹತ್ತಲೇಬೇಕು, ಸೊಸೈಟಿಯ ಸೆಕ್ರೆಟರಿಯನ್ನು ಈಗಲೇ ಒಲಿಸಿಕೊಳ್ಳಿ.

ಎರಡನೆಯ ಮಾತು ರೆಕಾರ್ಡರ್ ಉಳಿಸಿಕೊಂಡು ಅದೇ ಕಂಪನಿಯಲ್ಲಿ ಮುಂದುವರಿಯುವವರಿಗೆ. ಮನೆ ಬದಲಿಸಿದಾಗ ಛತ್ರಿಯಿಂದ ಬಾಕ್ಸಿಗೆ ಎರಡು ವಯರ್ ಎಳೆಸಿ. ಒಂದು ಎಳೆದು, ತುದಿಯಲ್ಲಿ ಕವಲು ಹಾಕಿಕೊಡುತ್ತೇನೆ ಎನ್ನುತ್ತಾರೆ, ಒಪ್ಪಬೇಡಿ. ಆಕಾಶದಿಂದ ಅಲೆಗಳು ನಿಂತದ್ದು, ಮಲಗಿದ್ದು ಎಂದು ಎರಡು ಭಂಗಿಯಲ್ಲಿ ಬರುತ್ತವೆ. ಬಾಕ್ಸು ವಯರಿನ ಮೂಲಕ 13 ವೋಲ್ಟ್ ಕಳಿಸಿದರೆ ಛತ್ರಿಯ ಮೂತಿ ನಿಂತದ್ದನ್ನು ಕೊಡುತ್ತದೆ, 18 ಕಳಿಸಿದರೆ ಮಲಗಿದ್ದನ್ನು. ಒಂದೇ ವಯರಿನಲ್ಲಿ ಒಮ್ಮೆಗೆ ಎರಡನ್ನೂ ಕೇಳುವ ಹಾಗಿಲ್ಲ. ಒಂದು ವಯರ್ ಇದ್ದರೆ ನೀವು ಸುದ್ದಿ ನೋಡುವಾಗ ಅತ್ತೆಯ ಧಾರಾವಾಹಿ ರೆಕಾರ್ಡ್ ಆಗದೆ ಹೋಗಬಹುದು, ಬೈಗುಳ ನಿಮ್ಮ ಪಾಲಿಗೆ.

ಈಗೆಲ್ಲ ಆ್ಯಪಿನಲ್ಲಿ ಇದೆಯಲ್ಲಮ್ಮ, ಯಾಕೆ ಈ ರಗಳೆ ಎನ್ನುತ್ತಾನೆ ನನ್ನ ಮಗ. ಧಾರಾವಾಹಿ ಇದೆ, ಒಪ್ಪಿದೆ. ಆ ಕ್ವಿಜ್ ಕಂತನ್ನು ಅವನೇ ಎರಡು ರಾತ್ರಿ ಯೂಟ್ಯೂಬಿನಲ್ಲಿ ಹುಡುಕಿದ, ಸಿಗಲಿಲ್ಲ. ಆಮೇಲೆ ಆ್ಯಪಿನ ಮಾತು ತೆಗೆದಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ನಮ್ಮ ಸಂಘಗಳು ಮುಂಬಯಿಯಲ್ಲಿ ಸಾಕಷ್ಟಿವೆ, ಸನ್ಮಾನ ಪತ್ರ ಬರೆಯುವವರಿಗಂತೂ ಬರವಿಲ್ಲ. ಒಂದು ಪತ್ರ ಟ್ರಾಯ್‌ಗೂ ಒಂದು ಮಾಹಿತಿ ಮತ್ತು ಪ್ರಸಾರ ಮಂತ್ರಾಲಯಕ್ಕೂ ಹೋಗಲಿ. 2001ರಲ್ಲಿ ನೀವೇ ಬರೆದ ಷರತ್ತು ಏನಾಯಿತು, ಕಂಪನಿ ಬಿಡುವ ಗಿರಾಕಿಗೆ ಅವನ ರೆಕಾರ್ಡಿಂಗ್ ನೋಡಲು ಕನಿಷ್ಠ ಮೂರು ತಿಂಗಳಾದರೂ ಬಾಕ್ಸ್ ತೆರೆದಿರಬಾರದೇ ಎಂದು ಅದರಲ್ಲಿ ಕೇಳಿ. ಇಂಗ್ಲಿಷಿನಲ್ಲಿ ಬರೆದುಕೊಡುವವರು ಬೇಕಿದ್ದರೆ ನಾನಿದ್ದೇನೆ.

ನಮ್ಮ ಹಳೆಯ ಬಾಕ್ಸ್ ಕಪಾಟಿನ ಮೇಲೆ, ನಾಲ್ಕು ಪುಸ್ತಕದ ಹುಡುಗಿಯನ್ನು ಹೊಟ್ಟೆಯೊಳಗಿಟ್ಟುಕೊಂಡು ಕೂತಿದೆ. ಭಂಗಾರ್‌ವಾಲಾ ಎರಡು ಸಲ ಗುಜರಿಗೆ ಕೇಳಿದ, ಕೊಡಲಿಲ್ಲ.

ಫೋನು ಮಾಡುವವರು ಧಾರಾಳವಾಗಿ ಮಾಡಿ. ರಾತ್ರಿ ಎಂಟೂವರೆಯಿಂದ ಹತ್ತರ ತನಕ ಮಾತ್ರ ಬೇಡ. ನಮ್ಮವರು ರಿಟೈರ್ ಆಗಿದ್ದಾರೆ, ಈಗ ಇಬ್ಬರೂ ಹೊತ್ತಿಗೆ ಸರಿಯಾಗಿ ಕೂತು ನೋಡುತ್ತೇವೆ. ಹೊಸ ಬಾಕ್ಸಿನಲ್ಲಿ ರೆಕಾರ್ಡಿಂಗ್ ಇಲ್ಲ.

ಇತಿ,
ಭಾಂಡೂಪಿನ ಟೀಚರ್